ಒಗೆಯುವ ಕಲ್ಲು

ಯಾರಾದರೂ ತನ್ನ ಜಾಗದಲ್ಲಿ ಕೂತುಬಿಟ್ಟಿದ್ದರೆ ಏನು ಮಾಡುವುದೆಂಬ ಯೋಚನೆ ನಂಜನಗೂಡು ಬಿಟ್ಟಾಗಿನಿಂದ ಚಿಕ್ಕಬಸಪ್ಪನ ಜೊತೆ ಗಾಡಿಯಲ್ಲಿ ಕೂತಿತ್ತು. ನರಸೀಪುರದ ಹೊರಗಿನ ಹುಣಸೆಮರಗಳು ಬೆಳಗಿನ ಮಂಜಿನಲ್ಲಿ ಒಂದೊಂದಾಗಿ ಕಾಣಿಸತೊಡಗಿದಾಗ ಅದು ಹೊಟ್ಟೆನೋವಿನಂತೆ ಒಂದು ಕಡೆ ಬಂದು ನಿಂತಿತು. ತೀರಿಕೊಂಡವರಿಗೆ ಕೈಮುಗಿಯಲು ಹೊರಟ ಮನುಷ್ಯ ಯೋಚಿಸುವಂಥದ್ದಲ್ಲ ಇದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಕಡಿಮೆಯಾಗಲಿಲ್ಲ. ಹಾಡುಗಾರ ಕವಲಂದೆ ಮರಿಮಾದಯ್ಯನವರು ನರಸೀಪುರದ ಮಗಳ ಮನೆಯಲ್ಲಿ ಸತ್ತು, ಹೊಳೆಯ ಮೇಲಿನ ತೋಟದಲ್ಲಿ ಸಮಾಧಿಯಾಗಿ, ಇವತ್ತು ಅವರ ಗಣಾರಾಧನೆ. ಮೊದಲು ಗದ್ದುಗೆಗೆ ಪೂಜೆ. ಆಮೇಲೆ ಮಗಳ ಮನೆಯ ಅಂಗಳದಲ್ಲಿ, ಅವರ ಹಾಡಿಗೆ ಸೋತಿದ್ದವರೆಲ್ಲ ಸೇರಿ ಅವರು ಹಾಡುತ್ತಿದ್ದ ಹಾಗೆಯೇ ಹಾಡುವುದು, ಹಾಡುತ್ತಿರುವಾಗಲೇ ಎಡೆ ಇಡುವುದು. ನಂಜನಗೂಡಿನಿಂದಲೇ ಗಾಡಿಗಳ ಸಾಲು ಹೊರಟಿತ್ತು. ಆ ಅಂಗಳದಲ್ಲಿ ತನ್ನ ಜಾಗ ಎಂಬುದು ಇರಲು ಸಾಧ್ಯವೇ ಇಲ್ಲ, ತಾನು ಆ ಮನೆಯನ್ನು ನೋಡಿಯೇ ಇಲ್ಲ ಎಂದು ಅವನು ತನಗೇ ಹೇಳಿಕೊಂಡ. ಅವನ ಜಾಗ ಇದ್ದದ್ದು ನಂಜನಗೂಡಿನ ಪೇಟೆಬೀದಿಯ ಚಾವಡಿಯಲ್ಲಿ, ಸೋಮವಾರದ ಸಂಜೆಗಳಲ್ಲಿ, ತಂಬೂರಿಯ ಎದುರಿಗೆ, ದೀಪದ ಕಂಬಕ್ಕೆ ತುಸು ಎಡಕ್ಕೆ. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಯಾಕೆ ಕೂರುತ್ತಿರಲಿಲ್ಲ ಎಂದು ಅವನು ಕೇಳಿಕೊಂಡದ್ದಿಲ್ಲ. ತನ್ನ ತಾಳಕ್ಕೆ ಅವರೆಲ್ಲ ಕೊಟ್ಟ ಮರ್ಯಾದೆ ಅದು ಎಂದುಕೊಂಡಿದ್ದ.

ಹಾಡಿನ ಮೂರನೆಯ ನುಡಿಗೆ ಬಂದಾಗ ಮರಿಮಾದಯ್ಯನವರು ಕಣ್ಣು ತೆರೆಯುತ್ತಿದ್ದರು. ಅಲ್ಲಿಯವರೆಗೆ ಮುಚ್ಚಿರುತ್ತಿದ್ದ ಆ ದಪ್ಪ ರೆಪ್ಪೆಗಳು ನಿಧಾನಕ್ಕೆ ಎದ್ದು, ಕಣ್ಣುಗಳು ದೀಪದ ಮೇಲಿಂದ ಹಾಯ್ದು, ನೇರ ಅವನ ಮೇಲೆ ಬರುತ್ತಿದ್ದವು. ಏನನ್ನೋ ಕೇಳುವಂಥ, ಏನನ್ನೋ ಬೇಡುವಂಥ ನೋಟ. ಅದು ಸಿಕ್ಕಿದ ಮೇಲೆ ಚಿಕ್ಕಬಸಪ್ಪನ ಕೈ ಅವನ ಕೈಯಾಗಿ ಉಳಿಯುತ್ತಿರಲಿಲ್ಲ. ತೊಡೆ ಕೆಂಪಾಗಿ ಉರಿಯುವಷ್ಟು ತಾಳ ಹಾಕುತ್ತಿದ್ದ. ಒಂದು ಸೋಮವಾರದಿಂದ ಇನ್ನೊಂದು ಸೋಮವಾರದವರೆಗೆ ಅವನು ಬದುಕುತ್ತಿದ್ದದ್ದು ಆ ನೋಟದ ಮೇಲೆ. ಉಳಿದ ದಿನವೆಲ್ಲ ಬೆಲ್ಲದ ಮಂಡಿ, ಬೆಲ್ಲಕ್ಕೆ ಮುತ್ತುವ ನೊಣ, ಉಂಡೆಯನ್ನು ಒಡೆದು ನೆಕ್ಕಿ ನೋಡಿ ಮುಖ ಕಿವುಚುವ ಗಿರಾಕಿಗಳು. ಗಿರಾಕಿ ಮಾತಾಡುತ್ತಿರುವಾಗಲೇ ಇವನ ಬೆರಳು ತಕ್ಕಡಿಯ ಮೇಲೆ ಕುಣಿಯುತ್ತಿತ್ತು. ಹೆಂಡತಿ ರುದ್ರಾಣಿ, 'ಆ ಕೈಗೊಂದು ಹಗ್ಗ ಕಟ್ಕೊಂಡು ಮಲಗ್ರಿ, ನನ್ ಬೆನ್ನೆಲ್ಲ ನೋಯ್ತದೆ' ಎನ್ನುತ್ತಿದ್ದಳು. ಅವಳಿಗೆ ಏನು ಗೊತ್ತು. ಊರಿಗೆ ಊರೇ ಅಯ್ಯನವರ ಹಾಡು ಕೇಳುತ್ತಿತ್ತು, ಆದರೆ ಅಯ್ಯನವರು ಕೇಳುತ್ತಿದ್ದದ್ದು ಒಬ್ಬನನ್ನು.

'ಏನ್ ಬಸಪ್ಪಣ್ಣ, ಮೊಕ ಈಟೊಂದು ಇಳಿಬುಟ್ಕಂಡಿದ್ದೀಯೆ? ಎತ್ತೇ ನಿನ್ಗಿಂತ ಗೆಲುವಾಗವೆ' ಎಂದ ಗಾಡಿಯ ಮುಂದೆ ಮೂಕಿಯ ಮೇಲೆ ಕೂತು ಎತ್ತು ಹೊಡೆಯುತ್ತಿದ್ದ ನಿಂಗರಾಜು. ದೇವನೂರಿನವನು, ಮಂಡಿಗೆ ಬೆಲ್ಲ ಹೊಡೆಯುವ ಗಾಡಿ ಅವನದು. ಸೋಮವಾರಗಳಲ್ಲಿ ಅವನೂ ಚಾವಡಿಯಲ್ಲಿ ಕಂಬಕ್ಕೆ ಒರಗಿ ಕೂತಿರುತ್ತಿದ್ದ.

'ಅಳೋ ದಿನ ಅಲ್ವೇನ್ಲಾ.'

'ಅಂಗಾರೆ ಈಗ್ಲೇ ಅತ್ಬುಡು. ಅಲ್ಲೋದ್ ಮ್ಯಾಲೆ ಎಂಗಸ್ರು ನಿಂಗೆ ಅಳಾಕೆ ಜಾಗ ಬುಡಾಕಿಲ್ಲ.'

'ಲೇ ನಿಂಗ, ಅಲ್ಲಿ ತಾಳ ಯಾರು ಹಿಡಿಯೋದು?'

ನಿಂಗರಾಜು ಎತ್ತಿನ ಬಾಲ ತಿರುಚಿದ. 'ಯಾರಾರ ಇಡೀತಾರೆ ಬುಡು. ಎಲ್ರುಗೂ ಎಲ್ಡೆಲ್ಡು ಕೈ ಅವೆ.'

ಈ ಮಾತಿನಲ್ಲಿ ಏನೋ ಇತ್ತು. ಚಿಕ್ಕಬಸಪ್ಪ ಅದನ್ನು ಕೆದಕದೆ ಬಿಟ್ಟ, ಯಾಕೆಂದರೆ ಅದಕ್ಕಿಂತ ದೊಡ್ಡದೊಂದು ಒಳಗೆ ಇತ್ತು. ಹೋದ ವರ್ಷ ಅಯ್ಯನವರು ಕಾಯಿಲೆ ಬಿದ್ದು ನರಸೀಪುರಕ್ಕೆ ಬಂದು ಸೇರಿದ ಮೇಲೆ ಅವನು ಒಂದು ಸಲವೂ ನೋಡಲು ಬಂದಿರಲಿಲ್ಲ. ಬೇರೆಯವರೆಲ್ಲ ಬಂದಿದ್ದರು. ರಸಬಾಳೆಯ ಗೊನೆ ತಂದಿದ್ದರು, ಪಾದ ಮುಟ್ಟಿ ಹೋಗಿದ್ದರು. ಇವನು ಮಂಡಿಯಲ್ಲಿ ಕೂತು ಕಾಯುತ್ತಿದ್ದ. ಹೇಳಿ ಕಳಿಸುತ್ತಾರೆ ಎಂದು ಕಾಯುತ್ತಿದ್ದ. ಎಲ್ಲರ ಹಾಗೆ ತಾನೂ ಗೊನೆ ಹೊತ್ತು ಸಾಲಿನಲ್ಲಿ ನಿಂತರೆ ಆ ನೋಟಕ್ಕೆ ಅರ್ಥವೇನು? ನರಸೀಪುರದ ಗಾಡಿ ಮಂಡಿಯ ಮುಂದೆ ನಿಂತಾಗಲೆಲ್ಲ ತಕ್ಕಡಿ ಬಿಟ್ಟು ಏಳುತ್ತಿದ್ದ. ಗಾಡಿಯವನು ಇಳಿದು ಬೆಲ್ಲದ ಮಾತಾಡುತ್ತಿದ್ದ. ಕೊನೆಗೆ ಬಂದ ಸುದ್ದಿ ಸಾವಿನದು, ಅದೂ ಊರಿಗೆಲ್ಲ ಬಂದಂತೆ ಬಂತು. ಅಂದು ಅವನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂದಿತ್ತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡ ಮನುಷ್ಯ ತಾನು ಎಂದು ನೆನೆದು ಗಾಡಿಯ ಹುಲ್ಲನ್ನು ಸುಮ್ಮನೆ ಹಿರಿಯತೊಡಗಿದ.

ಗದ್ದುಗೆಯ ಪೂಜೆಯ ಹೊತ್ತಿಗೆ ಜನ ಒಬ್ಬರ ಮೇಲೊಬ್ಬರು ನಿಂತಿದ್ದರು. ಚಿಕ್ಕಬಸಪ್ಪನಿಗೆ ಕಂಡದ್ದು ಮುಂದಿನವರ ಬೆನ್ನುಗಳು ಮತ್ತು ಧೂಪದ ಹೊಗೆ. ಅದು ಮುಗಿದು ಅಂಗಳಕ್ಕೆ ಬಂದು ಕೂತ ಮೇಲೆ, ಹಾಡು ಶುರುವಾಗುವ ಮೊದಲು, ಜಗಲಿಯ ಮೇಲಿದ್ದ ಅಯ್ಯನವರ ಹೆಂಡತಿಗೆ ಒಬ್ಬೊಬ್ಬರೂ ತಮ್ಮತಮ್ಮದನ್ನು ಹೇಳತೊಡಗಿದರು. ಗುರುಬಸಮ್ಮ ದೊಡ್ಡ ಮೈಕಟ್ಟಿನ ಹೆಂಗಸು. ಸೆರಗನ್ನು ತಲೆಯ ಮೇಲೆ ಹೊದ್ದು, ಹಣೆಯ ತುಂಬ ವಿಭೂತಿ ಬಳಿದುಕೊಂಡು, ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಮಗಳು ಚನ್ನಾಜಮ್ಮ ಬಾಳೆಲೆ ಒರೆಸುತ್ತಿದ್ದಳು. ಅಯ್ಯನವರ ಕಾಯಿಲೆಗೆ ಮುಂಚೆ ಗುರುಬಸಮ್ಮನನ್ನು ನಂಜನಗೂಡಿನವರು ಯಾರೂ ನೋಡಿದ್ದಿಲ್ಲ, ಚಿಕ್ಕಬಸಪ್ಪ ನೋಡುತ್ತಿದ್ದದ್ದು ಇವತ್ತೇ ಮೊದಲು. ಅಯ್ಯನವರು ಸೋಮವಾರ ಬಂದು ಹಾಡಿ ಮಂಗಳವಾರ ಊರಿಗೆ ಮರಳುತ್ತಿದ್ದರು, ಅವಳು ಬಂದದ್ದೇ ಇಲ್ಲ. ಮೈಸೂರಿನ ಶ್ರೀಮಂತರ ಮನೆಯಲ್ಲಿ ತಟ್ಟೆ ತಿರುಗಿಸಿದರೆ ಹಾಡುವ ಪೆಟ್ಟಿಗೆ ಬಂದಿದೆಯಂತೆ, ಅದರೊಳಗೆ ಅಯ್ಯನವರ ದನಿ ಹಿಡಿದಿಡಲಿಲ್ಲವಲ್ಲ ಎಂದು ಒಬ್ಬ ಮರುಗಿದ. ಕಳಲೆಯ ಗಾಣದವನೊಬ್ಬ, ತಾನು ಹೋದರೆ ಸಾಕು, ಎತ್ತಿದ ಹಾಡು ಬಿಟ್ಟು ತನಗಿಷ್ಟವಾದ ಹಾಡು ಎತ್ತುತ್ತಿದ್ದರು ಎಂದು ಹೇಳಿದ. ದೇವನೂರಿನ ಒಕ್ಕಲಿನವನೊಬ್ಬ, 'ಮೂರ್ನೇ ನುಡಿಗೆ ಬಂದೇಟ್ಗೆ ನನ್ನೇ ನೋಡೋರು ಕಣವ್ವ, ಕಣ್ ಬುಟ್ಟು' ಎಂದ. ಚಿಕ್ಕಬಸಪ್ಪ ಥಟ್ಟನೆ ಅವನ ಕಡೆ ತಿರುಗಿದ. ಆಮೇಲೆ ನೆನಪಾಯಿತು: ಇವನು ಕೂರುತ್ತಿದ್ದದ್ದು ತನ್ನ ಬೆನ್ನ ಹಿಂದೆ. ಪಾಪ, ತನಗೆ ಬಂದ ನೋಟದ ಹಾದಿಯಲ್ಲಿ ಇದ್ದವನು. ಅವನ ಮೇಲೆ ಮರುಕ ಹುಟ್ಟಿತು. ಬಾಯಿಬಿಟ್ಟು ಹೇಳದೆ ಇರುವುದೇ ದೊಡ್ಡತನ ಎನ್ನಿಸಿ ಚಿಕ್ಕಬಸಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

'ನೀವೆಲ್ಲ ಇಂಗಂತೀರಿ' ಎಂದಳು ಗುರುಬಸಮ್ಮ. ಅವಳ ಮುಖದಲ್ಲಿ ನಗು ಏಳುತ್ತಿತ್ತು. ಆ ದಿನ ಆ ಮನೆಯಲ್ಲಿ ಮೊದಲ ನಗು ಅದೇ ಇರಬೇಕು, ಜನ ಹಗುರಾಗಿ ಅವಳ ಕಡೆ ಬಾಗಿದರು. 'ಮನೇಗ್ ಬಂದು ಏನಂತಿದ್ರು ಅಂತ ನಂಗಲ್ವಾ ಗೊತ್ತಿರಾದು. ನಂಜನಗೂಡಲ್ಲಿ ಒಬ್ರಿದ್ರಂತಪ್ಪ. ಮುಂದ್ಗಡೇನೇ ಕುಂತ್ಕಳೋರಂತೆ. ತೊಡೆ ಮ್ಯಾಲೆ ತಾಳ ಬಡಿಯೋರಂತೆ, ಒಳೆ ಕಲ್ ಮ್ಯಾಲೆ ಬಟ್ಟೆ ಒಗ್ದಂಗೆ. ಬಡಿಯಾದು ಬಡೀಲಿ, ತಾಳ ಬೀಳಾಕ್ ಮುಂಚೇನೇ ಬಡ್ದ್ಬುಡೋರಂತೆ! ಇವ್ರು ಕಣ್ ಬುಟ್ಟು ನೋಡೋರಂತೆ, ಒಸಿ ತಡ್ಕಳಪ್ಪ, ನಾನಿನ್ನೂ ಬಂದಿಲ್ಲ ಅಂತವ. ಅವ್ರು ಪಾಪ ಇನ್ನೂ ಜೋರಾಗಿ ಬಡಿಯೋರಂತೆ.'

ಅಂಗಳ ನಕ್ಕಿತು. ನರಸೀಪುರದವರು ನಕ್ಕರು, ಕಳಲೆಯವರು ನಕ್ಕರು. ನಂಜನಗೂಡಿನವರು ನಗಲಿಲ್ಲ. ಚಿಕ್ಕಬಸಪ್ಪನಿಗೆ ಮೊದಲು ಕಂಡದ್ದು ಅದು. ತನ್ನ ಸುತ್ತ ಕೂತವರು ಒಬ್ಬರೂ ತನ್ನ ಕಡೆ ತಿರುಗದೆ ನೆಲ ನೋಡುತ್ತಿದ್ದರು. ಒಬ್ಬ ಇರುವೆಯ ಸಾಲಿಗೆ ಕಡ್ಡಿ ಅಡ್ಡ ಇಟ್ಟಿದ್ದ. ಆ ತಗ್ಗಿದ ಕತ್ತುಗಳಿಂದ ಅವನಿಗೆ ಅರ್ಥವಾಯಿತು. ಅವಳ ಮಾತು ಅದರ ಹಿಂದಿನಿಂದ ಬಂದು ಮುಟ್ಟಿತು. ಬೇಡುವಂಥ ನೋಟ. ಹೌದು, ಬೇಡುತ್ತಿದ್ದರು.

'ಮಂಗ್ಳಾರ ಬಂದು ಕಾಲ್ ತೊಳ್ಕತಾ, ಗುರುಬಸಿ, ನೆನ್ನೆ ಒಗಿಯೋ ಕಲ್ಲು ಬಂದಿತ್ತು ಕಣೆ ಅನ್ನೋರು. ಒಂದೊಂದ್ ವಾರ ಕಲ್ಲು ಬರ್ನಿಲ್ಲ, ಯಾಕೋ ಹಾಡು ಮ್ಯಾಕೇ ಏಳ್ನಿಲ್ಲ ಅನ್ನೋರು.' ಗುರುಬಸಮ್ಮನ ನಗು ನಿಂತಿತ್ತು. 'ಕೊನೆಗಾಲ್ದಲ್ಲೂ ಕೇಳೋರು, ಕಲ್ಲು ಬಂದಿತ್ತಾ ಅಂತ. ಈ ಚನ್ನಾಜಿ ಜ್ವರ ತಲೆಗೇರ್ಬುಟ್ಟದೆ ಅಂತ ಒದ್ದೆ ಬಟ್ಟೆ ಆಕೋಳು. ಕರ್ಸಾನ ಅಂದ್ರೆ ಬ್ಯಾಡ ಅನ್ನೋರು. ಬರೋರು ತಾವೇ ಬರ್ಬೇಕು ಅನ್ನೋರು. ಅವ್ರ ಎಸ್ರು ಏನೋ ನಂಗೊತ್ತಿಲ್ಲ. ನೀವು ನಂಜನಗೂಡ್ನೋರಲ್ವಾ? ಬಂದಿದ್ರೆ ಕರೀರಪ್ಪ, ಒಂದ್ಸಲ ಮೊಕ ನೋಡ್ಬೇಕು.'

ಅವಳು ಕೇಳಿದ್ದು ಎಲ್ಲರನ್ನೂ. ಆದರೆ ಅವಳ ಕಣ್ಣು ನಿಂತದ್ದು ಎದುರಿಗೇ ಕೂತಿದ್ದ ಇವನ ಮೇಲೆ. 'ನಾನೇ' ಎನ್ನುವುದಕ್ಕೆ ಎರಡಕ್ಷರ ಸಾಕು. ಅಂದರೆ ಅಂಗಳ ಇನ್ನೊಮ್ಮೆ ನಗುತ್ತದೆ, ಆ ನಗು ಮುಗಿದ ಮೇಲೆ ಅವಳು ತನ್ನ ಮುಖ ನೋಡುತ್ತಾಳೆ. ಆ ನಗುವನ್ನು ದಾಟುವಷ್ಟು ಉಸಿರು ತನ್ನಲ್ಲಿದೆಯೇ ಎಂದು ಅವನು ಒಳಗೆ ಹುಡುಕಿದ. ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ನಿಂಗರಾಜು ಗಟ್ಟಿಯಾಗಿ, 'ಆವಪ್ಪ ಎಲ್ಲವ್ರೆ ಅವ್ವ. ಓದ್ ವರ್ಸ ಪ್ಲೇಗು ಬಂತಲ್ಲ, ಅದ್ರಲ್ಲೇ ಓಗ್ಬುಟ್ರು' ಎಂದ.

'ಅಯ್ಯೋ ಶಿವನೆ!' ಗುರುಬಸಮ್ಮ ಸೆರಗನ್ನು ಬಾಯಿಗೆ ಒತ್ತಿದಳು. 'ಇವ್ರು ಇಲ್ಲಿ ಕಾಯ್ತಾ ಕುಂತವ್ರೆ, ಅವ್ರು ಮುಂದಾಗೇ ಓಗ್ ಕುಂತವ್ರಾ? ಅಲ್ಲೂ ಮುಂಚೇನಾ?' ಅಳುತ್ತಲೇ ಒಮ್ಮೆ ನಕ್ಕು, ಮತ್ತೆ ಅತ್ತಳು. ಗಂಡನಿಗಾಗಿ ಬೆಳಗಿನಿಂದ ಅತ್ತ ಕಣ್ಣುಗಳು ಈಗ ಗುರುತಿಲ್ಲದ ಒಬ್ಬನಿಗಾಗಿ ತುಂಬಿಕೊಂಡವು. 'ಚನ್ನಾಜಿ, ಇನ್ನೊಂದು ಎಲೆ ತೊಳಿಯವ್ವ. ನಿಮ್ಮಪ್ಪನ್ ಎಡೆ ಪಕ್ಕದಲ್ಲೇ ಅವರ್ಗೂ ಒಂದ್ ಇಡಾನ.'

ಆ ಸುಳ್ಳಿಗೂ ಅವಳ ಅಳುವಿಗೂ ನಡುವೆ ಒಂದು ಸಣ್ಣ ಸಂದಿ ಇತ್ತು, ಅಲ್ಲಿ ಒಂದು ಮಾತು ನುಗ್ಗಿಸಿದ್ದರೆ ಎಲ್ಲ ತಮಾಷೆಯಾಗಿ ಹೋಗುತ್ತಿತ್ತು. ಆ ಸಂದಿ ಮುಚ್ಚಿಹೋಯಿತು. ಇನ್ನು ಮಾತಾಡಿದರೆ ಅವಳ ಕಣ್ಣೀರನ್ನು ಹಾಸ್ಯ ಮಾಡಿದಂತೆ. ಚಿಕ್ಕಬಸಪ್ಪ ಎದ್ದು, ಯಾರ ಮೊಣಕಾಲನ್ನೂ ತುಳಿಯದಂತೆ ಎಚ್ಚರದಿಂದ ಹೊರಗೆ ನಡೆದ. ಇಷ್ಟರಲ್ಲೂ ಎಚ್ಚರ ತಪ್ಪದ ತನ್ನ ಕಾಲುಗಳನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ಅದಕ್ಕಿಂತ ಆಶ್ಚರ್ಯ, ಮನಸ್ಸಿನ ಒಂದು ಮೂಲೆ ಸುಖಪಡುತ್ತಿತ್ತು. ತನಗಾಗಿ ಒಬ್ಬರು ಅತ್ತದ್ದನ್ನು ಕಣ್ಣಾರೆ ನೋಡಿದ ಸುಖ. ಆ ಮೂಲೆಯನ್ನು ಅವನು ಅಸಹ್ಯದಿಂದ ನೋಡಿದ.

ನಿಂಗರಾಜು ಹಿಂದೆಯೇ ಓಡಿಬಂದ. ಗಾಡಿಯ ಹತ್ತಿರ ಎತ್ತುಗಳು ಮೆಲುಕು ಹಾಕುತ್ತಿದ್ದವು.

'ಯಾಕ್ಲಾ ನನ್ನ ಸಾಯಿಸ್ದೆ?'

'ಇನ್ನೇನ್ ಮಾಡ್ಲಿ ಬಸಪ್ಪಣ್ಣ? ಇವ್ರೇ ಕಣವ್ವ ಆ ಕಲ್ಲು ಅಂತ ಕೈ ತೋರುಸ್ಲಾ? ನಿನ್ ಮೊಕ ನೋಡಕಾಗ್ನಿಲ್ಲ ನಂಗೆ. ಬಾಯ್ಗೆ ಬಂದುದ್ದು ಅಂದ್ಬುಟ್ಟೆ.'

'ನಿಂಗೂ ಗೊತ್ತಿತ್ತಾ?'

ನಿಂಗರಾಜು ಎತ್ತಿನ ಕೊರಳಡಿ ಜೋಲುವ ಗಂಗೆದೊಗಲು ನೀವತೊಡಗಿದ.

'ಎಲ್ರಿಗೂ ಗೊತ್ತಿತ್ತೇನ್ಲಾ?'

'ಈ ಎತ್ಗೋಳ್ಗೆ ಗೊತ್ತಿರ್ನಿಲ್ಲ ಬುಡು' ಎಂದ. ನಗಿಸಲು ನೋಡಿದ, ಆಗಲಿಲ್ಲ. 'ಮದ್ದಲೆ ಕರಿಯಪ್ಪ ಒಂದ್ಸಲ ನಿಂಗೆ ಯೋಳ್ಬುಡ್ತೀನಿ ಅಂತ ಎದ್ದಿದ್ದ. ಅವ್ನಿಗೆ ನಿನ್ ಜೊತೇಲಿ ಬಾರ್ಸಿ ಬಾರ್ಸಿ ಸಾಕಾಗಿತ್ತು. ಅಯ್ನೋರೇ ಕೈ ಇಡ್ದು ಕೂರ್ಸಿ, ಬ್ಯಾಡ ಅಂದ್ರು. ಯೋಳುದ್ರೆ ನಾಳಿಂದ ಕೈ ಕಟ್ಕಂಡ್ ಕೂರ್ತಾರೆ, ಇಲ್ದಿದ್ರೆ ಬರಾದೇ ಬುಡ್ತಾರೆ. ಅವ್ರು ನನ್ ತಾವ್ಕೆ ಬರಾಕಿಲ್ಲ, ಆಯ್ತು, ನಾನೇ ಅವ್ರ್ ತಾವ್ಕೆ ಓಯ್ತೀನಿ ಅಂದ್ರು.'

'ಹಂಗಂದ್ರೆ ಏನು?'

'ನಂಗೇನ್ ಗೊತ್ತು. ನಾನು ಗಾಡಿ ಒಡ್ಯೋನು.'

ಚಿಕ್ಕಬಸಪ್ಪ ಒಬ್ಬನೇ ಗದ್ದುಗೆಯ ಹತ್ತಿರಕ್ಕೆ ನಡೆದ, ಅಲ್ಲಿ ಈಗ ಯಾರೂ ಇರಲಿಲ್ಲ. ಹಸಿಮಣ್ಣಿನ ದಿಬ್ಬ, ಅದರ ಮೇಲೆ ಬಿಲ್ವಪತ್ರೆ, ಆಚೆಗೆ ಎರಡು ಹೊಳೆ ಸೇರುವ ಕಡೆಯ ಅಗಲವಾದ ನೀರು ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಅಳು ಬರಬಹುದೆಂದು ಕಾದ. ಬಂದದ್ದು ಪ್ಲೇಗಿನ ಜೋಪಡಿಗಳ ನೆನಪು. ಅದು ಹಿಂದಿನದೊಂದು ಪ್ಲೇಗು. ಇಲಿ ಸತ್ತು ಬಿದ್ದವೆಂದು ಪೇಟೆಗೆ ಪೇಟೆಯೇ ಊರಾಚೆಯ ಬಯಲಿನಲ್ಲಿ ತೆಂಗಿನಗರಿಯ ಜೋಪಡಿ ಹಾಕಿಕೊಂಡಿತ್ತು. ನೆಂಟರೂ ಅತ್ತ ತಲೆ ಹಾಕುತ್ತಿರಲಿಲ್ಲ. ಒಂದು ಸೋಮವಾರ ತಂಬೂರಿ ಹೆಗಲಿಗೇರಿಸಿಕೊಂಡು ಬಯಲಿನ ಆ ತುದಿಯಿಂದ ಬರುತ್ತಿದ್ದ ಆಳು ಮರಿಮಾದಯ್ಯನವರು ಎಂದು ನಂಬಲು ಅವನಿಗೆ ಹೊತ್ತು ಹಿಡಿದಿತ್ತು. ಮದ್ದಲೆಯವನು ಹೆದರಿ ಬಂದಿರಲಿಲ್ಲ. 'ಇವತ್ತು ತಾಳಕ್ಕೆ ನೀವೇ ಗತಿ' ಎಂದಿದ್ದರು ಅಯ್ಯನವರು ಅವನಿಗೆ. ಅವರು ಅವನೊಡನೆ ನೇರ ಆಡಿದ ಮಾತು ಅದೊಂದೇ. ಸಾಯುವವರ ನಡುವೆ ಕೂತು ಅವನು ಬೆಲ್ಲದ ಡಬ್ಬ ಬಡಿದಿದ್ದ, ಅವರು ಹಾಡಿದ್ದರು. ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಮದ್ದಲೆಯ ಆಸರೆಯೂ ಇಲ್ಲದೆ, ಮುಂದೆ ಮುಂದೆ ಓಡುವ ಆ ಡಬ್ಬದ ಬೆನ್ನು ಹತ್ತಿ ಅವರು ಎಷ್ಟು ಏದುಸಿರು ಬಿಟ್ಟಿರಬೇಕು. ಆ ನೋಟ ತನ್ನದೇ, ಬೇರೆ ಯಾರದೂ ಅಲ್ಲ ಎಂಬುದಂತೂ ಸುಳ್ಳಾಗಲಿಲ್ಲ ಎಂದು ಯೋಚಿಸಿ, ಆ ಯೋಚನೆಯ ಜಿಪುಣತನಕ್ಕೆ ನಾಚಿದ. 'ಕಲ್ಲು ಬಂದಿತ್ತಾ?' ಇವನು ಕರೆಗೆ ಕಾಯುತ್ತಿದ್ದ, ಅವರು ಬರವಿಗೆ ಕಾಯುತ್ತಿದ್ದರು. ಅವಳಿಗೆ ಹೇಳಲೇಬೇಕು. 'ಅವ್ವ, ನಾನು ಸತ್ತಿಲ್ಲ.' ಅವನು ಅದನ್ನು ಮೆಲ್ಲಗೆ ಹೇಳಿ ನೋಡಿದ. ಗದ್ದುಗೆಯ ಮುಂದೆ ನಿಂತು ಹೇಳಿದಾಗ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಅವನು ಮರಳಿ ಬರುವ ಹೊತ್ತಿಗೆ ಹಾಡು ಶುರುವಾಗಿತ್ತು. ಹಿಂದೆ, ದನದ ಕೊಟ್ಟಿಗೆಯ ಕಂಬದ ಹತ್ತಿರ ಕೂತ. ಜಗಲಿಯ ಮೇಲೆ ಎರಡು ಎಲೆ ಹಾಸಿದ್ದರು. ಒಂದರ ಮುಂದೆ ಅಯ್ಯನವರ ತಂಬೂರಿ ಒರಗಿಸಿತ್ತು. ಇನ್ನೊಂದರ ಮುಂದೆ ಏನೂ ಇರಲಿಲ್ಲ. ಒಂದು ಚಿಟಿಕೆ ವಿಭೂತಿ, ಒಂದು ಹೂವು. ಗುರುಬಸಮ್ಮ ಬಾಗಿ ಎರಡಕ್ಕೂ ಒಂದೇ ಅಳತೆಯಲ್ಲಿ ಅನ್ನ ಬಡಿಸುತ್ತಿದ್ದಳು. ಆ ಬರಿದಾದ ಜಾಗವನ್ನು ನೋಡುತ್ತ ಚಿಕ್ಕಬಸಪ್ಪ ಬಲಗೈಯನ್ನು ಮಡಿಲಲ್ಲಿ ಪಂಚೆಯ ಮಡಿಕೆಯೊಳಗೆ ತೂರಿಸಿ ಎಡಗೈಯಿಂದ ಹಿಡಿದುಕೊಂಡ. ಕರಿಯಪ್ಪನ ಮದ್ದಲೆ ನಿಧಾನವಾಗಿ, ತೂಗಿ ನಡೆಯುತ್ತಿತ್ತು. ಮೊದಲ ನುಡಿ ಹೋಯಿತು. ಬೆರಳು ಬಟ್ಟೆಯೊಳಗೆ ಮಿಸುಕಿತು, ಬಿಗಿಹಿಡಿದ. ಎರಡನೆಯ ನುಡಿ ಹೋಯಿತು. ಜನ ತೊಡೆಯ ಮೇಲೆ ಮೆತ್ತಗೆ ತಾಳ ಹಾಕುತ್ತಿದ್ದರು, ಸರಿಯಾದ ಜಾಗದಲ್ಲಿ, ಮದ್ದಲೆಯ ಜೊತೆಗೆ. ಸರಿಯಾದ ಜಾಗ ಎಲ್ಲಿದೆ ಎಂದು ಅವನಿಗೆ ಮೊದಲ ಸಲ ಕೇಳಿಸಿತು. ತಾನು ಇಷ್ಟು ವರ್ಷ ಅದರ ಮುಂದಿನ ಮೆಟ್ಟಿಲ ಮೇಲೆ ನಿಂತು ಎಲ್ಲರನ್ನೂ ಕರೆಯುತ್ತಿದ್ದೆ ಎನ್ನಿಸಿತು.

ಮೂರನೆಯ ನುಡಿ ಬಂತು, ಅಂಗಳಕ್ಕೆ ಅಂಗಳವೇ ಓಡಿತು.

ಅವನ ಕೈ ಮಡಿಲಲ್ಲೇ ಇತ್ತು. ಅವನು ಏನೂ ಮಾಡಿರಲಿಲ್ಲ. ಆದರೂ ಗಾಣದವನು, ದೇವನೂರಿನ ಒಕ್ಕಲಿನವನು, ನರಸೀಪುರದ ಗುರುತಿಲ್ಲದ ಮುದುಕರು, ಕರಿಯಪ್ಪನ ಮದ್ದಲೆ ಕೂಡ, ಎಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ, ತಾಳವನ್ನು ಅದರ ಜಾಗಕ್ಕಿಂತ ಮೊದಲೇ ಎತ್ತಿಕೊಂಡು ಓಡಿದರು. ಮುಖಗಳು ಅರಳಿದವು. ಅವನ ಪಕ್ಕದವನು ಕಣ್ಣೊರೆಸಿಕೊಳ್ಳುತ್ತ, 'ಇದು ನೋಡ್ರಿ ಅಯ್ನೋರ್ ನಡೆ ಅಂದ್ರೆ. ಇನ್ನೊಬ್ರು ಇಂಗೆ ಓಡುಸ್ನಿಲ್ಲ' ಎಂದ. ಚಿಕ್ಕಬಸಪ್ಪ ಅವನ ಮುಖವನ್ನೇ ನೋಡಿದ. ನಾನೇ ಅವ್ರ್ ತಾವ್ಕೆ ಓಯ್ತೀನಿ. ಕಣ್ಣು ತೆರೆದು, ತಡಕೋ ಎಂದು ಬೇಡಿ, ಇವನು ತಡೆಯದಿದ್ದಾಗ, ಅವರು ಹಾಡನ್ನೇ ಎತ್ತಿಕೊಂಡು ಇವನ ಕೈ ಬಿದ್ದ ಕಡೆಗೆ ಬಂದಿದ್ದರು. ವಾರ ವಾರ ಬಂದಿದ್ದರು. ಬಂದು ಬಂದು ಅದು ಅವರ ನಡೆಯಾಗಿತ್ತು. ಜನ ಅದನ್ನು ಕಲಿತು, ಹೊತ್ತುಕೊಂಡು ಊರೂರಿಗೆ ಹೋಗಿದ್ದರು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಅಯ್ಯನವರ ಹಾಡಿಗೆ ಕುಂದು. ಹೇಳದಿದ್ದರೆ ಅಲ್ಲಿ ಜಗಲಿಯ ಮೇಲೆ ಒಬ್ಬ ಹೆಂಗಸು ಬದುಕಿರುವವನಿಗೆ ಎಡೆ ಬಡಿಸುತ್ತಿದ್ದಾಳೆ.

ಅವಳಿಗೆ ಗೊತ್ತಾಗಲಿ. ಮಾತು ಬೇಡ, ನಗುವವರು ನಗಲಿ. ಅವಳ ಗಂಡ ಅವಳಿಗೆ ಹೇಳಿದ್ದು ಈ ಕೈಯ ಸದ್ದನ್ನು. ಅದನ್ನು ಕೇಳಿದರೆ ಅವಳು ತಲೆಯೆತ್ತಿ ನೋಡುತ್ತಾಳೆ, ಒಂದು ಸಲ ಮುಖ ನೋಡಬೇಕು ಅಂದಿದ್ದಾಳೆ, ನೋಡಿಕೊಳ್ಳಲಿ. ಚಿಕ್ಕಬಸಪ್ಪ ಬಲಗೈಯನ್ನು ಹೊರಗೆಳೆದು, ಇದ್ದಷ್ಟು ಬಲದಿಂದ ತೊಡೆಯ ಮೇಲೆ ಬಡಿದ. ಮತ್ತೆ ಬಡಿದ. ತೊಡೆ ಉರಿಯಿತು.

ಗುರುಬಸಮ್ಮ ನಿಜಕ್ಕೂ ತಲೆಯೆತ್ತಿದಳು. ಬಡಿಸುವ ಕೈ ನಿಂತಿತು. ಅವಳ ಕಣ್ಣು ಅಂಗಳದ ತುಂಬ ಓಡಾಡಿತು, ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ, ಒಂದು ತೊಡೆಯಿಂದ ಇನ್ನೊಂದು ತೊಡೆಗೆ. ಎಲ್ಲ ಕೈಗಳೂ ಅಷ್ಟೇ ಜೋರಾಗಿ, ಅದೇ ಜಾಗದಲ್ಲಿ, ತಾಳಕ್ಕೆ ಮುಂಚೆ ಬೀಳುತ್ತಿದ್ದವು. ಅವಳ ನೋಟ ಕೊಟ್ಟಿಗೆಯ ಕಂಬದವರೆಗೆ ಬಂತು, ಅವನ ಮೇಲೆ ಬಂತು, ಅವನು ಇನ್ನೊಮ್ಮೆ ಬಡಿದ, ಪಕ್ಕದವನೂ ಬಡಿದ, ಅವಳು ಪಕ್ಕದವನನ್ನೂ ಅಷ್ಟೇ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ತುಪ್ಪದ ಗಿಂಡಿ ಎತ್ತಿ, ಎರಡನೆಯ ಎಲೆಯ ಅನ್ನದ ಮೇಲೆ ಬಿಟ್ಟಳು.